ಖಾಲಿ ಚೌಕಟ್ಟಿನ ಕುರಿಗಳು

"ಅಯ್ಯೋ ದೇವಾ! ಎಂತ ಮಾಡ್ತಿದ್ದೀರಿ ನೀವು?"

ವೈಲೆಟ್ ಚಹಾದ ಟ್ರೇಯನ್ನು ಮೇಜಿನ ಮೇಲೆ ಕುಕ್ಕಿದಳು. ಕುವೈತಿನ ಸಾಲ್ಮಿಯಾದ ಆ ದೊಡ್ಡ ಮನೆಯ ದಿವಾನಖಾನೆಯಲ್ಲಿ ಅಪರಿಚಿತನೊಬ್ಬ ಕಡ್ಡಿಗೆ ಸುತ್ತಿದ ಹತ್ತಿಯನ್ನು ಬಾಯಲ್ಲಿ ಒದ್ದೆ ಮಾಡಿ, ಮದಾಮ್‌ಗೆ ಪ್ರಾಣದಂತಿದ್ದ ಹಳೆಯ ಚಿತ್ರದ ಮೇಲೆ ಉರುಳಿಸುತ್ತಿದ್ದ!

"ಎಂಜಲು!"

ಅವನು ತಿರುಗಿ ನಕ್ಕ. "ಊರಿನವರಾ? ನಾನು ಕಮಲಾಕ್ಷ, ಸುರತ್ಕಲ್. ಹಳೇ ಚಿತ್ರದ ಕೊಳೆ ತೆಗೀಲಿಕ್ಕೆ ಇದಕ್ಕಿಂತ ಮೆತ್ತನೆಯ ಮದ್ದಿಲ್ಲ ಮಾರಾಯ್ರೆ."

ಅದು 1990ರ ಜೂನ್. ವೈಲೆಟ್ ಆ ಮನೆಯ ಒಂಟಿ ಮುದುಕಿ ಮದಾಮ್‌ಳನ್ನು ನೋಡಿಕೊಳ್ಳುವ ನರ್ಸ್. ಅವನು ಕುವೈತ್ ಸಿಟಿಯಲ್ಲಿ ಇಟಲಿಯವನೊಬ್ಬನ ಬಳಿ ಚಿತ್ರ ದುರಸ್ತಿ ಕಲಿತವನು. ಚಿತ್ರವೋ, ಮುನ್ನೂರೈವತ್ತು ವರ್ಷ ಹಿಂದಿನ ಬರೋಕ್ ಕಾಲದ್ದು, ಹಾಲೆಂಡಿನದು. ಮಸಿ ಹಿಡಿದು ಏನಿದೆಯೆಂದೇ ತಿಳಿಯುತ್ತಿರಲಿಲ್ಲ.

ಅವನು ದಿನಕ್ಕೆ ಅಂಗೈಯಗಲ ಒರೆಸುತ್ತ ಹೋದ. ಕತ್ತಲೊಳಗಿಂದ ಒಂದೊಂದೇ ಪ್ರಾಣಿ ಹೊರಬಂತು... ಐದು ಕುರಿ, ಒಂದು ಆಡು. ಆಡಿನ ಕಣ್ಣು ಕಂಡ ದಿನ ವೈಲೆಟ್ ಬೆಚ್ಚಿಬಿದ್ದಳು. ಎಲ್ಲಿ ನಿಂತರೂ ಅದು ಅವಳನ್ನೇ ನೋಡುತ್ತಿತ್ತು!

"ಆ ಕಾಲದಲ್ಲಿ ರಾಜರಿಗೆ ಕೊಟ್ಟ ಮರ್ಯಾದೆಯನ್ನೇ ದನಕುರಿಗೂ ಕೊಟ್ಟು ಬರೀತಿದ್ರು. ನೋಡಿ, ಬೆಳಕೆಲ್ಲ ಕುರಿಗೆ. ಮೇಯಿಸುವವ ಹಿಂದೆ, ಕತ್ತಲಲ್ಲಿ. ಮುಖವೇ ಕಾಣುದಿಲ್ಲ."

"ಪಾಪ," ಎಂದಳು ವೈಲೆಟ್.

ಜುಲೈ ಮುಗಿಯುವಷ್ಟರಲ್ಲಿ, ಚಿತ್ರ ನೋಡುವ ನೆಪದಲ್ಲಿ ಅವಳು ನೋಡುತ್ತಿದ್ದುದು ಯಾರನ್ನೆಂದು ಮನೆಯ ಬೆಕ್ಕಿಗೂ ಗೊತ್ತಾಗಿತ್ತು.

ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು.

"ಶುಕ್ರವಾರ ಬರ್ತೇನೆ. ಮುಂದಿನದ್ದು ಒಟ್ಟಿಗೇ ಯೋಚನೆ ಮಾಡುವ. ಕಾಯ್ತೀಯಲ್ಲ?" ಎಂದಿದ್ದ ಕಮಲಾಕ್ಷ.

ಗುರುವಾರ ಅವಳು ಬ್ರೆಡ್ಡಿನ ಸಾಲಿನಿಂದ ಹಿಂತಿರುಗಿದಾಗ ಚೌಕಟ್ಟು ಖಾಲಿ! ಅದರ ಕೆಳಗೆ ಮದಾಮ್ ನೆಲದ ಮೇಲೆ ಬಿದ್ದಿದ್ದಳು. ಪಾರ್ಶ್ವವಾಯು. ಮಾತು ಪೂರ್ತಿ ನಿಂತುಹೋಗಿತ್ತು.

ಶುಕ್ರವಾರ ಕಮಲಾಕ್ಷ ಬರಲಿಲ್ಲ.

"ಖಲಾಸ್!" ಎಂದ ಡ್ರೈವರ್ ರಹ್ಮತ್. "ನಿಮ್ಮ ಚಿತ್ರದವ ಚಿತ್ರ ಎತ್ಕೊಂಡು ಹೋದ. ಇನ್ನು ಗಡಿ ದಾಟಿಸುವ ಬಸ್ಸು ಹತ್ತಿ ಊರಿಗೆ ಹೋಗಿ."

ವೈಲೆಟ್ ಹೋಗಲಿಲ್ಲ. ಮದಾಮ್‌ಗೆ ಬೇರೆ ಯಾರಿದ್ದರು? ಆದರೆ ಎದೆಯೊಳಗೆ ಆ ಮಾತು ಕೊರೆಯುತ್ತಲೇ ಇತ್ತು... 'ಕಳ್ಳ. ನಾನು ಪ್ರೀತಿಸಿದ್ದು ಕಳ್ಳನನ್ನು.'

ಅದಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತಿದ್ದುದು ಮದಾಮ್. ಪ್ರತಿ ಮಧ್ಯಾಹ್ನ ಅವಳು ಆ ಖಾಲಿ ಚೌಕಟ್ಟನ್ನು ನೋಡಿ ನಗುತ್ತಿದ್ದಳು. ಬೆರಳೆತ್ತಿ ಒಂದೊಂದಾಗಿ ಏನನ್ನೋ ಎಣಿಸುತ್ತಿದ್ದಳು. ಆರಕ್ಕೆ ನಿಲ್ಲಿಸುತ್ತಿದ್ದಳು. ವೈಲೆಟ್‌ಗೆ ಆ ಕೋಣೆಗೆ ಕಾಲಿಡಲೇ ಹೆದರಿಕೆ; ಕೆಲಸ ಮುಗಿದೊಡನೆ ಹೊರಗೆ ಓಡಿಬಿಡುತ್ತಿದ್ದಳು.

ಮಾರ್ಚ್ ಬಂತು. ಸೈನಿಕರು ಎಣ್ಣೆಬಾವಿಗಳಿಗೆ ಬೆಂಕಿಯಿಟ್ಟು ಓಡಿಹೋಗಿದ್ದರು. ನಡು ಮಧ್ಯಾಹ್ನಕ್ಕೇ ಆಕಾಶ ಕಪ್ಪಾಗಿತ್ತು, ಕರೆಂಟಿರಲಿಲ್ಲ.

ಟಕ್... ಟಕ್... ಟಕ್...

ದಿವಾನಖಾನೆಯ ಕಲ್ಲಿನ ಮೇಲೆ ಗೊರಸಿನ ಸದ್ದು! ವೈಲೆಟ್ ಮೇಣದಬತ್ತಿ ಹಿಡಿದು ಬಾಗಿಲು ತಳ್ಳಿದಳು.

ಖಾಲಿ ಚೌಕಟ್ಟಿನ ಕೆಳಗೆ ಐದು ಕುರಿ, ಒಂದು ಆಡು. ಅಡಿಯಿಂದ ಮುಡಿಯವರೆಗೆ ಮಸಿ. ಹಳದಿ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

'ಇಳಿದು ಬಂದವಾ?!' ಅವಳು ಮೇಣದಬತ್ತಿ ಮೇಲೆತ್ತಿದಳು. ಅವುಗಳ ಹಿಂದೆ, ತೆರೆದ ಹೊರಬಾಗಿಲ ಕತ್ತಲಲ್ಲಿ, ಒಬ್ಬ ಮನುಷ್ಯ ನಿಂತಿದ್ದ. ಮುಖ ಕಾಣಲಿಲ್ಲ.

"ಯಾ... ಯಾರು?"

"ವೈಲೆಟ್? ನೀನು... ಊರಿಗೆ ಹೋಗ್ಲಿಲ್ವಾ?"

ಆ ಧ್ವನಿ! ಅವಳ ಭಯವೆಲ್ಲ ಒಂದೇ ಕ್ಷಣದಲ್ಲಿ ಸಿಟ್ಟಾಯಿತು.

"ಕಳ್ಳ! ಯಾವ ಮುಖ ಹೊತ್ಕೊಂಡು ಬಂದ್ರಿ?"

ಕಮಲಾಕ್ಷ ಹೆಗಲಿನಿಂದ ಕಂಬಳಿ ಸುತ್ತಿದ ಉದ್ದನೆಯ ಸುರುಳಿಯನ್ನು ಮೆಲ್ಲಗೆ ಕೆಳಗಿಳಿಸಿದ.

"ಮದಾಮ್ ನಿನಗೆ ಹೇಳ್ಲಿಲ್ವಾ? ಸೈನಿಕರು ಮನೆಮನೆಗೆ ನುಗ್ತಾರೆ, ಚಿತ್ರವನ್ನು ಕಬ್ದ್ ಮರುಭೂಮಿಯ ನನ್ನ ಕುರಿದೊಡ್ಡಿಯಲ್ಲಿ ಅಡಗಿಸಿಡು ಅಂತ ಅವರೇ ಕೊಟ್ಟದ್ದು. ವಾಪಸ್ ಬರುವಾಗ ಚೆಕ್‌ಪೋಸ್ಟಿನಲ್ಲಿ ಹೊಡೆದ್ರು, ಇಲ್ಲಿರ್ಲಿಕ್ಕೆ ಬೇಕಾದ ಇಕಾಮಾ ಕಾರ್ಡನ್ನೂ ಕಿತ್ಕೊಂಡ್ರು. ದೊಡ್ಡಿಗೇ ತಿರುಗಿ ಹೋದೆ, ಮತ್ತೆ ಅಲ್ಲಿಂದ ಹೊರಗೆ ಬರ್ಲಿಕ್ಕೇ ಆಗ್ಲಿಲ್ಲ. ಅಷ್ಟು ದೊಡ್ಡ ಹಿಂಡಿನಲ್ಲಿ ಉಳಿದದ್ದು ಇಷ್ಟೇ."

"ಅವರಿಗೆ... ಅವತ್ತೇ ಮಾತು ನಿಂತುಹೋಯ್ತು."

ವೈಲೆಟ್‌ಗೆ ಈಗ ಎಲ್ಲ ಹೊಳೆಯಿತು. ಮದಾಮ್ ನಗುತ್ತಿದ್ದುದು ಚಿತ್ರ ಜೋಪಾನವಾಗಿದೆ ಎಂದು; ಎಣಿಸುತ್ತಿದ್ದುದು ಅದರ ಆರು ಪ್ರಾಣಿಗಳನ್ನು. ಅದನ್ನೇ ಏಳು ತಿಂಗಳು ಹೇಳಲು ಒದ್ದಾಡಿದ್ದಳು, ತಾನೋ ಹೆದರಿ ಓಡಿದ್ದಳು!

"ಈಗ... ಚಿತ್ರ ಕೊಡ್ಲಿಕ್ಕೆ ಬಂದದ್ದಾ?"

"ಅದೂ ಹೌದು. ನೀನು ಹೋಗಿರ್ತೀ ಅಂದ್ಕೊಂಡೆ. ಮದಾಮ್ ಹತ್ರ ನಿನ್ನ ಊರಿನ ಅಡ್ರೆಸ್ ಸಿಗ್ತದಾ ಅಂತ ನಡ್ಕೊಂಡು ಬಂದೆ."

ವೈಲೆಟ್ ಬಿಕ್ಕಿಬಿಕ್ಕಿ ಅತ್ತಳು. ಕುರಿಗಳನ್ನು ಸರಿಸಿ ಅವನ ಮುಂದೆ ಹೋಗಿ ನಿಂತಳು.

"ನಾನು ನಿಮ್ಮನ್ನು ನಂಬ್ಲಿಲ್ಲ. ದಿನಾ ಕಳ್ಳ ಅಂತಿದ್ದೆ, ದಿನಾ ನಿಮಗಾಗಿ ಜಪ ಮಾಡ್ತಿದ್ದೆ. ಸಿಟ್ಟು ಬರುದಿಲ್ವಾ?"

"ಬರ್ತದೆ. ತುಂಬಾ ಉಂಟು."

"ಎಷ್ಟು ದಿನ ಇರ್ತದೆ?"

"ಗೊತ್ತಿಲ್ಲ. ಮುದುಕ ಆಗುವವರೆಗೆ ಇರ್ಬಹುದು," ಅವನ ಧ್ವನಿ ಒಡೆಯಿತು. "ಅಲ್ಲಿವರೆಗೆ ಹತ್ರ ಇದ್ದು ಸಮಾಧಾನ ಮಾಡ್ತೀಯಾ?"

"ಮಾಡ್ತೇನೆ," ಎಂದಳು ವೈಲೆಟ್. "ಆದ್ರೆ ಸಿಟ್ಟು ಬೇಗ ಮುಗಿಸ್ಬೇಡಿ."