ಸೂರ್ಯ ಜಾರಿದ ಮಧ್ಯಾಹ್ನ

“ಆಂಟಿ, ಸೂರ್ಯನ ಮೇಲೂ ಮಚ್ಚೆ ಇರುತ್ತಾ?”

ಕೇಳಿದವಳು ಪ್ರಶ್ನೆಪೆಟ್ಟಿಗೆ. ದಿನವಿಡೀ ಏನಾದರೊಂದು ಕೇಳುತ್ತಲೇ ಇರುತ್ತಾಳೆಂದು ಕ್ಲಾಸಿನವರು ಇಟ್ಟ ಹೆಸರು ಅದು.

“ಭೇಷ್! ಎಂಥ ಒಳ್ಳೆ ಪ್ರಶ್ನೆ ಕೇಳ್ದೆ ಮರಿ!” ಚಿಣ್ಣಿಯ ಅಮ್ಮನ ಮುಖ ಅರಳಿತು. “ಇರುತ್ತೆ. ಕೆಲವು ನಮ್ಮ ಭೂಮಿಗಿಂತ ದೊಡ್ಡವು. ಕಣ್ಣಿಗೆ ಏನೂ ಆಗದ ಹಾಗೆ ಫಿಲ್ಟರ್ ಹಾಕಿದೀನಿ, ಬಾ, ಮೊದಲು ನೀನೇ ನೋಡು.”

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಚಿಣ್ಣಿಗೆ ಮೈಯೆಲ್ಲ ಉರಿಯಿತು. ಮರಿಯಂತೆ, ಮರಿ!

ಗುಡ್ಡದ ಮೇಲಿನ ಈ ವೀಕ್ಷಣಾಲಯಕ್ಕೆ ಬಂದವರಿಗೆ ಟೆಲಿಸ್ಕೋಪ್ ತೋರಿಸುವುದೇ ಅಮ್ಮನ ಕೆಲಸ. ಮನೆಯಲ್ಲಿ ಚಿಣ್ಣಿ ಏನಾದರೂ ಕೇಳಿದರೆ, “ಮಾತಾಡಿ ಮಾತಾಡಿ ಗಂಟಲು ಒಣಗಿದೆ ಕಣೇ, ನಾಳೆ ಹೇಳ್ತೀನಿ” ಅನ್ನುತ್ತಾಳೆ. ಇವತ್ತು ಚಿಣ್ಣಿಯ ಇಡೀ ಕ್ಲಾಸೇ ಬಂದಿದೆ. ಗಂಟಲು ಒಣಗಿದ ಹಾಗೇ ಇಲ್ಲ!

ಅಷ್ಟರಲ್ಲಿ ಮೂವರು ಹುಡುಗರು ಕಟ್ಟೆ ಹತ್ತಿ, ಕೆಳಗೆ ಹರಡಿದ್ದ ನಗರದಲ್ಲಿ ತಮ್ಮ ಸ್ಕೂಲು ಹುಡುಕತೊಡಗಿದರು. “ಏಯ್, ಇಳೀರೋ!” ಎಂದು ಅಮ್ಮ ಅತ್ತ ಓಡಿದಳು.

ಚಿಣ್ಣಿಯ ಕೈ ಟೆಲಿಸ್ಕೋಪಿನ ಪಕ್ಕದಲ್ಲಿದ್ದ, ಅದನ್ನು ಅತ್ತಿತ್ತ ಸರಿಸುವ ತಿರುಪಿಗೆ ಹೋಯಿತು. ಒಂದು ಸುತ್ತು, ಅಷ್ಟೇ.

ಪ್ರಶ್ನೆಪೆಟ್ಟಿಗೆ ಸ್ಟೂಲು ಹತ್ತಿ ಕಣ್ಣಿಟ್ಟಳು. “ಬರೀ ಕತ್ತಲು…”

“ಇವಳ ಪ್ರಶ್ನೆಗೆ ಹೆದರಿ ಸೂರ್ಯ ಓಡಿಹೋದ!” ಯಾರೋ ಕೂಗಿದರು. ಎಲ್ಲರೂ ಹೋ ಎಂದು ನಕ್ಕರು. ಪ್ರಶ್ನೆಪೆಟ್ಟಿಗೆಯ ಕಿವಿ ಕೆಂಪಾಯಿತು. ಚಿಣ್ಣಿಗೆ ಯಾಕೋ ನಗು ಬರಲಿಲ್ಲ.

ವಾಪಸು ಬಂದ ಅಮ್ಮ ತಿರುಪನ್ನು ನೋಡಿದಳು. ಆಮೇಲೆ ಚಿಣ್ಣಿಯನ್ನು ನೋಡಿದಳು. ಬೈಯಲಿಲ್ಲ.

“ನೀನೇ ಸರಿಮಾಡು” ಎಂದಳು.

ಚಿಣ್ಣಿ ಮೆಲ್ಲಗೆ ತಿರುಗಿಸಿದಳು. “ಕಾಣ್ತಾ?”

“ಇಲ್ಲ.”

“ಈಗ?”

“ಅಂಚು ಬಂತು… ಇನ್ನೊಂಚೂರು… ನಿಲ್ಸು, ನಿಲ್ಸು!” ಪ್ರಶ್ನೆಪೆಟ್ಟಿಗೆ ಉಸಿರು ಬಿಗಿಹಿಡಿದಳು. ಆಮೇಲೆ ಅವಳ ಮುಖವೆಲ್ಲ ನಗುವಾಯಿತು. “ಅಬ್ಬಾ! ಕಿತ್ತಳೆ ಬಣ್ಣದ ಉಂಡೆ! ಒಂದು, ಎರಡು… ಎರಡು ಮಚ್ಚೆ!”

ಚಿಣ್ಣಿ ಇನ್ನೂ ಏನನ್ನೂ ನೋಡಿರಲಿಲ್ಲ. ಆದರೂ ಅವಳಿಗೂ ನಗು ಬಂದುಬಿಟ್ಟಿತು. ತಿರುಗಿದರೆ ಅಮ್ಮನೂ ನಗುತ್ತಿದ್ದಳು.

“ತಿರುಪು ತಿರುಗಿಸಿದ್ದು ನಾನೇ ಕಣೇ” ಎಂದು ಚಿಣ್ಣಿ ಪಿಸುಗುಟ್ಟಿದಳು.

“ಗೊತ್ತು, ನೋಡ್ದೆ.” ಪ್ರಶ್ನೆಪೆಟ್ಟಿಗೆ ಸ್ಟೂಲಿನಿಂದ ಜಿಗಿದಳು. “ಬೇಗ ಹತ್ತು, ಈಗ ನಿನ್ನ ಸರದಿ!”

ಚಿಣ್ಣಿ ತಿರುಪಿನಿಂದ ಕೈ ತೆಗೆಯಲಿಲ್ಲ. ತನ್ನ ಹಿಂದೆ ನಿಂತಿದ್ದ ಹುಡುಗನನ್ನು ಕರೆದು ಸ್ಟೂಲು ಹತ್ತಿಸಿದಳು.

“ಯಾಕೇ, ನಿಂಗೆ ನೋಡೋದು ಬೇಡ್ವಾ?”

“ಇರೇ,” ಎಂದಳು ಚಿಣ್ಣಿ, “ಮೊದಲು ಇವನ ಮುಖ ನೋಡ್ಬೇಕು.”