ಅಮ್ಮನ ಪ್ರಾಕ್ಟಿಕಲ್ ಪರೀಕ್ಷೆ

“ಇದೇನ್ರೀ ಇದು! ಬಾತ್‌ರೂಮಲ್ಲಿ ಬಿಸಿನೀರಿಲ್ಲ, ಹಾಸಿಗೆ ಮೇಲೆ ಇರುವೆ ಸಾಲು! ಕರೀರಿ ನಿಮ್ಮ ಮ್ಯಾನೇಜರನ್ನ!”

ಸೊಂಟದ ಮೇಲೆ ಕೈಯಿಟ್ಟುಕೊಂಡು ಬಟಾಣಿ ಕೂಗಾಡಿದಳು.

“ಕ್ಷಮಿಸಿ ಮೇಡಂ. ಎರಡೇ ನಿಮಿಷ, ಬೇರೆ ರೂಮು ಕೊಡ್ತೀನಿ,” ಎಂದಳು ಅಮ್ಮ, ತಗ್ಗಿದ ದನಿಯಲ್ಲಿ.

“ನಂಗೆ ಇದೇ ರೂಮು ಬೇಕು! ಬೇಕಾದ್ರೆ ಇರುವೆಗಳಿಗೆ ಬೇರೆ ರೂಮು ಕೊಡಿ!”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. “ನಿನ್ನಂಥ ಗೆಸ್ಟು ಬಂದ್ರೆ ನಾನೇ ಗಂಟುಮೂಟೆ ಕಟ್ಕೊಂಡು ಓಡಿಹೋಗ್ತೀನಿ ಕಣೇ!”

ಅಮ್ಮ ಒಂಬತ್ತು ವರ್ಷದಿಂದ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಹಾಸಿಗೆ ಬಟ್ಟೆ, ಟವೆಲ್ಲು ಒಗೆಯುವುದು, ಇಸ್ತ್ರಿ ಹಾಕುವುದು. ಹೋದ ವರ್ಷ ಇದ್ದಕ್ಕಿದ್ದಂತೆ ಕಾಲೇಜು ಸೇರಿಬಿಟ್ಟಳು. ಬೆಳಗ್ಗೆ ಕ್ಲಾಸು, ಮಧ್ಯಾಹ್ನದಿಂದ ಲಾಂಡ್ರಿ. ಹೋಟೆಲಿಗೆ ಬರುವವರನ್ನು ಹೇಗೆ ನೋಡಿಕೊಳ್ಳಬೇಕು, ಅಲ್ಲಿ ಕೆಲಸ ಮಾಡುವವರನ್ನು ಹೇಗೆ ನೋಡಿಕೊಳ್ಳಬೇಕು, ಎರಡನ್ನೂ ಕಾಲೇಜಿನಲ್ಲಿ ಕಲಿಸುತ್ತಿದ್ದರು. ಎರಡನೆಯದಕ್ಕೆ ಎಚ್.ಆರ್. ಎಂದು ಹೆಸರು.

ಮನೆಯಲ್ಲಿ ಅಮ್ಮನ ಪಾಠಕ್ಕೆ ಹೀಗೆ ಗೆಸ್ಟಿನ ವೇಷ ಹಾಕುವುದು ಮಜವಾಗಿತ್ತು. ಸ್ಕೂಲಿನಲ್ಲಿ ಹಾಗಲ್ಲ.

“ನಿಮ್ಮಮ್ಮ ಬ್ಯಾಗ್ ಹಾಕ್ಕೊಂಡು ಕಾಲೇಜಿಗೆ ಹೋಗ್ತಾರಂತೆ? ಫೇಲಾದ್ರೆ ನೀನು ಬೈತೀಯಾ?” ಎಂದು ಪಕ್ಕದ ಬೆಂಚಿನವಳು ಕೇಳಿದಾಗ ಇಡೀ ಕ್ಲಾಸು ಗೊಳ್ಳೆಂದಿತ್ತು. ಬಟಾಣಿಯ ಕಿವಿ ಬಿಸಿಯಾಗಿತ್ತು.

ಶನಿವಾರ ಅಮ್ಮನಿಗೆ ಪ್ರಾಕ್ಟಿಕಲ್ ಪರೀಕ್ಷೆ. ಅವತ್ತೇ ಅಜ್ಜಿ ಚಿಕ್ಕಮ್ಮನ ಮನೆಗೆ ಹೋಗಿದ್ದರಿಂದ ಬಟಾಣಿಯೂ ಜೊತೆಗೆ ಹೊರಡಬೇಕಾಯಿತು. ಕಪ್ಪು ಕೋಟು, ಕೊರಳಲ್ಲಿ ಐಡಿ ಕಾರ್ಡು, ಬೆನ್ನಿಗೆ ಬ್ಯಾಗು ಹಾಕಿಕೊಂಡು ಅಮ್ಮ ದಾಪುಗಾಲು ಹಾಕಿದಳು. ಕ್ಲಾಸಿನವರು ಯಾರಾದರೂ ಎದುರಿಗೆ ಬಂದಾರೆಂದು ಬಟಾಣಿ ಹತ್ತು ಹೆಜ್ಜೆ ಹಿಂದೆಯೇ ನಡೆದಳು.

“ಪಿಟಕ್ಕನ್ನಬಾರದು,” ಎಂದು ಹೇಳಿ ಕಾಲೇಜಿನ ಮೇಡಂ ಅವಳನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದರು.

ಮುಂದೆ ಒಂದು ಮೇಜು, ಅದರ ಹಿಂದೆ ಒಂದು ಕುರ್ಚಿ. ಗೋಡೆಯ ಹತ್ತಿರ ಇನ್ನೂ ಎರಡು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ರೂಮು ಗುಡಿಸುವ ಕೆಲಸಗಾರನ ಪಾತ್ರ ಮಾಡುತ್ತಿದ್ದರು. ಮೂರು ದಿನದಿಂದ ದಿನಾ ತಡವಾಗಿ ಬರುತ್ತಿರುವ ಕೆಲಸಗಾರ; ಅವನ ರೂಮುಗಳೂ ಇನ್ನೊಬ್ಬ ಕೆಲಸದಾಕೆಯ ಪಾಲಿಗೆ ಬಿದ್ದಿವೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಮ್ಯಾನೇಜರ್ ಆಗಿ ಅವನ ಜೊತೆ ಮಾತಾಡಬೇಕು.

ಮೊದಲು ಬಂದ ಹುಡುಗ ನಿಯಮಗಳನ್ನೆಲ್ಲ ಗಿಣಿಪಾಠದಂತೆ ಒಪ್ಪಿಸಿದ. ಆಮೇಲೆ ಬಂದ ಉದ್ದ ಜಡೆಯ ಹುಡುಗಿ, “ಇನ್ನೊಂದು ಸಲ ಲೇಟಾದ್ರೆ ಕೆಲಸ ಇರಲ್ಲ, ಅಷ್ಟೇ!” ಎಂದಳು. ಪರೀಕ್ಷಕರು ತಲೆ ತಗ್ಗಿಸಿ ನಿಂತೇ ಇದ್ದರು.

ಅಮ್ಮನ ಸರದಿ ಬಂತು. ಬಟಾಣಿ ಬೆಂಚಿನ ತುದಿಗೆ ಸರಿದಳು.

ಅಮ್ಮ ಮೇಜಿನ ಹಿಂದೆ ಕೂರಲಿಲ್ಲ. ಗೋಡೆಯ ಹತ್ತಿರವಿದ್ದ ಎರಡೂ ಕುರ್ಚಿ ಎಳೆದು ತಂದು ಎದುರುಬದುರು ಹಾಕಿದಳು.

“ಕೂತ್ಕೊಳ್ಳಿ ಅಣ್ಣ. ನೀರು ಬೇಕಾ? ಸರಿ, ಈಗ ಹೇಳಿ. ಈ ಮೂರು ದಿನದಿಂದ ಏನಾಗ್ತಿದೆ?”

ಪರೀಕ್ಷಕರು ತಲೆಯೆತ್ತಿದರು. “ಸೇತುವೆ ರಿಪೇರಿ ನಡೀತಿದೆ ಮೇಡಂ. ಬಸ್ಸು ಊರೆಲ್ಲ ಸುತ್ತಿಕೊಂಡು ಬರುತ್ತೆ.”

“ಇದನ್ನ ಯಾರಿಗಾದ್ರೂ ಹೇಳಿದ್ರಾ?”

“ಯಾರೂ ಕೇಳಲಿಲ್ಲವಲ್ಲ.”

ಉದ್ದ ಜಡೆಯ ಹುಡುಗಿ ತುಟಿ ಕಚ್ಚಿಕೊಂಡಳು.

“ಸೇತುವೆ ಮುಗಿಯೋವರೆಗೂ ಒಂದು ಗಂಟೆ ತಡವಾಗಿ ಬನ್ನಿ, ಒಂದು ಗಂಟೆ ತಡವಾಗಿ ಹೋಗಿ,” ಎಂದಳು ಅಮ್ಮ. “ಆದ್ರೆ ಒಂದು ಮಾತು. ನೀವು ಬರೋದು ತಡವಾದಾಗ ನಿಮ್ಮ ರೂಮುಗಳನ್ನೂ ಇನ್ನೊಬ್ಬರು ಗುಡಿಸಿದ್ದಾರೆ. ಅವರ ಸೊಂಟ ಬಿದ್ದುಹೋಗಿದೆ. ಇನ್ಮೇಲೆ ಲೇಟಾಗೋ ಹಾಗಿದ್ರೆ ಮೊದಲೇ ಫೋನ್ ಮಾಡ್ಬೇಕು. ಅವರ ಹತ್ರ ಹೋಗಿ ಮಾತಾಡ್ಬೇಕು. ಆಯ್ತಾ?”

“ಆಯ್ತು ಮೇಡಂ,” ಎಂದರು ಪರೀಕ್ಷಕರು. ಆಮೇಲೆ ಕೆಲಸಗಾರನ ದನಿ ಬಿಟ್ಟು ತಮ್ಮ ದನಿಯಲ್ಲಿ, “ಮಾತಾಡಿದ್ದನ್ನ ಮೇಜಿನ ಮೇಲಿರೋ ಫಾರಮ್ಮಲ್ಲಿ ಬರೆಯೋದು ಮರೆತ್ರಲ್ಲಮ್ಮ. ಎರಡು ಮಾರ್ಕ್ಸು ಹೋಯ್ತು,” ಎಂದರು.

ಅಮ್ಮ ಹಣೆ ಚಚ್ಚಿಕೊಂಡಳು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು.

“ಕುರ್ಚಿ ತಂದು ಹಾಕಬೇಕು ಅಂತ ಪುಸ್ತಕದಲ್ಲಿಲ್ಲ. ಯಾರು ಹೇಳಿಕೊಟ್ರು?” ಎಂದು ಪರೀಕ್ಷಕರು ಕೇಳಿದರು.

“ಯಾರೂ ಇಲ್ಲ ಸಾರ್. ನಾನು ಲಾಂಡ್ರಿಯಲ್ಲಿ ಕೆಲಸ ಮಾಡೋಳು. ಮ್ಯಾನೇಜರ್ ರೂಮಿಗೆ ಎಷ್ಟೋ ಸಲ ಕರೆಸಿದ್ದಾರೆ. ಪ್ರತಿ ಸಲವೂ ನಿಂತೇ ಮಾತಾಡಿದ್ದೀನಿ. ನಿಂತ್ಕೊಂಡಿದ್ರೆ ಹೇಳಬೇಕಾದ್ದು ಬಾಯಿಗೇ ಬರಲ್ಲ ಸಾರ್.”

ಯಾರೂ ನಗಲಿಲ್ಲ. ಪರೀಕ್ಷಕರು ತಮ್ಮ ಹಾಳೆಯ ಮೇಲೆ ಏನನ್ನೋ ಬರೆದರು. ಬಹಳ ಹೊತ್ತು ಬರೆದರು.

ಬಟಾಣಿ ಅಮ್ಮನನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅಮ್ಮ ಮನೆಯಲ್ಲಿ ಒಂದು ದಿನವೂ ಈ ಮಾತು ಹೇಳಿರಲಿಲ್ಲ. ಕೆಲಸ ಹೇಗಿದೆ ಎಂದು ಬಟಾಣಿಯೂ ಕೇಳಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಉದ್ದ ಜಡೆಯ ಹುಡುಗಿ ಕಾರಿಡಾರಿನಲ್ಲಿ ಓಡಿಬಂದಳು. “ಅಕ್ಕಾ, ನಿಮಗೆ ಮೊದಲು ಏನು ಕೇಳಬೇಕು ಅಂತ ಹೇಗೆ ಗೊತ್ತಾಯ್ತು? ನಂಗೂ ಹೇಳಿಕೊಡಿ.” ಅವಳ ಹಿಂದೆ ಇನ್ನೂ ನಾಲ್ಕು ಜನ ಬಂದು ಸುತ್ತ ನಿಂತರು.

ಅಮ್ಮ ಮಗಳ ಕಡೆ ತಿರುಗಿದಳು. “ಹಸಿವಾಗ್ತಿದ್ಯೇನೇ? ಹೊರಡೋಣ್ವಾ?”

“ನಂಗೇನೂ ಅರ್ಜೆಂಟಿಲ್ಲಮ್ಮ. ನೀನು ಹೇಳಿಕೊಡು.”

ಬಟಾಣಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಅಲ್ಲಿಗೆ ಅಮ್ಮನ ಮಾತು ಚೆನ್ನಾಗಿ ಕೇಳಿಸುತ್ತಿತ್ತು.