ಕಡಲಹಕ್ಕಿ ಬೀದಿಯ ಇಪ್ಪತ್ತು ನಿಮಿಷ

೨೦೧೮ರ ಮಾರ್ಚ್ ೨೨, ಗುರುವಾರ. ಡೆನ್ಮಾರ್ಕಿನ ಹೌರ್ಬಿ ಊರಿನ ಆಂಟೆನಾ ಸಂಘದಲ್ಲಿ ಆ ದಿನ ಉಳಿದಿದ್ದ ಮನೆಗಳು ನೂರ ನಲವತ್ತಮೂರು. ಸಂಜೆ ಐದೂವರೆಗೆ ಮಹಿಳೆಯರ ಹ್ಯಾಂಡ್‌ಬಾಲ್ ಪಂದ್ಯ ಶುರುವಾಯಿತು. ಪಂದ್ಯಕ್ಕೆಂದು ಆಗಷ್ಟೇ ಟೀವಿ ಹಾಕಿದ ಮೂವತ್ತೊಂದು ಮನೆಗಳಲ್ಲಿ ಚಿತ್ರ ಒಡೆದು ಚೌಕ ಚೌಕವಾಗಿ ಕಂಡಿತು.

ದಾಗ್ನಿಯ ಅಜ್ಜನ ಫೋನು ಬಡಿದುಕೊಳ್ಳತೊಡಗಿತು.

"ಕಡಲಹಕ್ಕಿ ಬೀದಿಯಾ? ನಿಮ್ದೂ ಹೋಯ್ತಾ? ಬಂದೆ, ಬಂದೆ," ಎಂದ ಅಜ್ಜ ವೆರ್ನರ್. ಬೂಟು ಹಾಕಿಕೊಳ್ಳುತ್ತ ಗೋಡೆಯ ಮೊಳೆಯತ್ತ ನೋಡಿದ. "ದಾಗ್ನಿ, ಪೆಟ್ಟಿಗೆ ಕೀ ಎಲ್ಲಿ?"

ಕೀ ದಾಗ್ನಿಯ ಜಾಕೆಟಿನ ಜೇಬಿನಲ್ಲಿತ್ತು.

"ಗೊತ್ತಿಲ್ಲ ಅಜ್ಜ," ಎಂದಳು. ಹೇಳಿದ ಕೂಡಲೇ ಅವಳ ಕಿವಿ ಬಿಸಿಯಾಯಿತು.

ಸಂಘದ ಎತ್ತರದ ಕಂಬ ಇದ್ದದ್ದು ಊರಾಚೆಯ ದಿಣ್ಣೆಯ ಮೇಲೆ. ಅದು ಹಿಡಿದ ಸಿಗ್ನಲ್ ನೆಲದಡಿಯ ಕೇಬಲ್ಲಿನಲ್ಲಿ ಮನೆಮನೆಗೂ ಹೋಗುತ್ತಿತ್ತು. ಬೀದಿಗೊಂದು ಹಸಿರು ಪೆಟ್ಟಿಗೆ. ದಾರಿಯಲ್ಲಿ ಸೊರಗಿ ಬಂದ ಸಿಗ್ನಲ್ಲಿಗೆ ಅದರೊಳಗಿನ ಆಂಪ್ಲಿಫೈಯರ್ ಮತ್ತೆ ಬಲ ತುಂಬುತ್ತಿತ್ತು. ಇದೆಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಅಜ್ಜ.

ಆದರೆ ಒಂದೊಂದೇ ಮನೆ ಸಂಘ ಬಿಟ್ಟು ಕಂಪನಿಯ ಫೈಬರ್ ಕೇಬಲ್ ಹಾಕಿಸಿಕೊಳ್ಳುತ್ತಿತ್ತು. ಆ ರಾತ್ರಿ ಏಳಕ್ಕೆ ಸಭೆ ಇತ್ತು. ಸಂಘ ಉಳಿಯಬೇಕೋ, ಮುಚ್ಚಬೇಕೋ? ಮನೆಗೊಂದು ಹಳದಿ ಕಾರ್ಡು, ಕಾರ್ಡಿಗೊಂದು ಮತ.

ಬೆಳಿಗ್ಗೆ ಕ್ಲಾಸಿನಲ್ಲಿ ಬಿರ್ಕ್ ಚುಡಾಯಿಸಿದ್ದ. "ನಿಮ್ಮಜ್ಜನ ಟೀವೀಲಿ ಬಾಲೇ ಕಾಣಲ್ಲ ಕಣೇ! ನಮ್ಮನೇಲಿ ಫೈಬರ್. ಆಟಗಾರರ ಬೆವರೂ ಕಾಣುತ್ತೆ!"

ಅದಕ್ಕೇ ದಾಗ್ನಿ ಐದು ಗಂಟೆಗೆ ಗುಟ್ಟಾಗಿ ಹೋಗಿ, ಪೆಟ್ಟಿಗೆ ತೆರೆದು, ಆಂಪ್ಲಿಫೈಯರಿನ ತಿರುಪನ್ನು ಕೊನೆಯವರೆಗೂ ತಿರುಗಿಸಿ ಬಂದಿದ್ದಳು. ಬಲ ಹೆಚ್ಚಿದರೆ ಚಿತ್ರ ಹೊಳೆಯುತ್ತದೆ. ಚಿತ್ರ ಹೊಳೆದರೆ ಜನ ಸಂಘವನ್ನು ಉಳಿಸುತ್ತಾರೆ. ಅವಳ ಲೆಕ್ಕ ಅಷ್ಟೇ ಇತ್ತು.

ಈಗ ಅಜ್ಜ ಸೈಕಲ್ ಏರಿದ. ದಾಗ್ನಿಯೂ ಹಿಂದೆಯೇ ಹೊರಟಳು. ಎದುರುಗಾಳಿ ಮುಖಕ್ಕೆ ರಾಚುತ್ತಿತ್ತು.

ಹಸಿರು ಪೆಟ್ಟಿಗೆಯ ಎದುರು ಮನೆಯ ಕಿಟಕಿಯಿಂದ ಬೋಡಿಲಜ್ಜಿ ಕೂಗಿದಳು. "ವೆರ್ನರ್! ಹುಡುಗೀರ ತಲೆ ಒಂದು ಕಡೆ, ಕಾಲು ಒಂದು ಕಡೆ! ಗೋಲ್ ಹೊಡೆದೋರು ಯಾರು ಅಂತ ದೇವ್ರಿಗೂ ಗೊತ್ತಾಗಲ್ಲ! ಇವತ್ತು ನಿನ್ನ ಕಡೆ ಕಾರ್ಡ್ ಎತ್ತಬೇಕು ಅಂತಿದ್ದೆನಲ್ಲೋ!"

"ತಪ್ಪು ನಂದೇ ಇರ್ಬೇಕು ಬೋಡಿಲ್. ಮೊನ್ನೆ ಇದನ್ನ ಬಿಚ್ಚಿದ್ದೆ. ಕಣ್ಣು ಮೊದಲಿನ ಹಾಗಿಲ್ಲ. ಸಭೇಲೂ ಅದನ್ನೇ ಹೇಳ್ತೀನಿ," ಎಂದು ಅಜ್ಜ ಚೀಲದಿಂದ ಉಳಿ, ಸುತ್ತಿಗೆ ತೆಗೆದ. ಬೀಗಕ್ಕೆ ಉಳಿ ಇಟ್ಟ.

ದಾಗ್ನಿಗೆ ಆಗ ಹೊಳೆಯಿತು. ನೂರಾರು ಜನರ ಮುಂದೆ ಅಜ್ಜ ತನ್ನದಲ್ಲದ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಸುತ್ತಿಗೆ ಮೇಲೆದ್ದಿತು.

"ಒಡೀಬೇಡ ಅಜ್ಜ!"

ಅವಳು ಜೇಬಿನಿಂದ ಕೀ ತೆಗೆದು ಚಾಚಿದಳು.

ಅಜ್ಜ ಕೀಯನ್ನು ನೋಡಿದ, ಅವಳನ್ನು ನೋಡಿದ. ಪೆಟ್ಟಿಗೆ ತೆರೆದು ತಿರುಪನ್ನು ನೋಡಿದ. ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು.

"ನಿನ್ನ ಕಿವಿಗೇ ಬಾಯಿಟ್ಟು ಕಿರುಚಿದ್ರೆ ಮಾತು ಚೆನ್ನಾಗಿ ಕೇಳುತ್ತಾ?"

"ಇಲ್ಲ."

"ಇದಕ್ಕೂ ಅಷ್ಟೆ. ನೀನೇ ಇಳಿಸು."

ಬೆರಳು ಮರಗಟ್ಟಿದ್ದವು. ದಾಗ್ನಿ ಕೂದಲೆಳೆಯಷ್ಟು ತಿರುಗಿಸಿದಳು.

"ಇನ್ನೂ ಸ್ವಲ್ಪ!" ಬೋಡಿಲಜ್ಜಿ ಕೂಗಿದಳು. "ಇನ್ನೂ... ಇನ್ನೂ... ಹಾಂ, ತಲೆ ಬಂತು! ಸಾಕು!"

ಪಂದ್ಯ ಶುರುವಾಗಿ ಆಗಲೇ ಇಪ್ಪತ್ತು ನಿಮಿಷವಾಗಿತ್ತು.

ಸಭಾಭವನದಲ್ಲಿ ಕಾಫಿಯ ವಾಸನೆ ತುಂಬಿತ್ತು. ಸಂಜೆಯ ಗೋಳಿನ ಬಗ್ಗೆ ಯಾರೋ ಗೊಣಗಿದರು. ಅಜ್ಜ ಏಳುವ ಮೊದಲೇ ದಾಗ್ನಿ ಎದ್ದು ನಿಂತಳು.

"ಚಿತ್ರ ಕೆಡಿಸಿದ್ದು ನಾನು. ಅಜ್ಜ ಅಲ್ಲ."

ಸಂಘ ಬಿಟ್ಟವರೂ ನೋಡಲು ಬಂದು ಕೂತಿದ್ದ ಹಿಂದಿನ ಸಾಲಿನಲ್ಲಿ ಬಿರ್ಕ್ ಕಿಸಕ್ಕನೆ ನಕ್ಕ. ಅವನಪ್ಪ ಅವನ ಭುಜ ಅದುಮಿದ.

"ಹಾಗಾದ್ರೆ ನಂಗೆ ಇಪ್ಪತ್ತು ನಿಮಿಷದ ಆಟ ಬಾಕಿ ಕಣಮ್ಮ!" ಎಂದಳು ಬೋಡಿಲಜ್ಜಿ. ಇಡೀ ಸಭೆ ನಕ್ಕಿತು. ದಾಗ್ನಿ ಮಾತ್ರ ನಗಲಿಲ್ಲ.

"ಮುಚ್ಚಬೇಕು ಅನ್ನೋರು ಕಾರ್ಡ್ ಎತ್ತಿ," ಎಂದರು ಸಭೆ ನಡೆಸುತ್ತಿದ್ದವರು.

ಮೊದಲು ಮೇಲೆದ್ದದ್ದು ಅಜ್ಜನ ಕಾರ್ಡು. ಆಮೇಲೆ ಸಭೆಯೆಲ್ಲ ಹಳದಿಯಾಯಿತು.

ಮನೆಯ ದಾರಿಯಲ್ಲಿ ಸೈಕಲ್ ತಳ್ಳುತ್ತ ದಾಗ್ನಿ ಕೇಳಿದಳು, "ಯಾಕಜ್ಜ? ನನ್ನಿಂದಾನಾ?"

"ಅಲ್ಲ ಕಂದ. ಒಂದು ಮನೆ ಬಿಟ್ಟಾಗೆಲ್ಲ ಕಂಬದ ಖರ್ಚು ಉಳಿದೋರ ತಲೆ ಮೇಲೆ. ಬಿಡೋರು ಬಿಡ್ತಾನೇ ಇರ್ತಾರೆ. ಕೊನೆಗೆ ಉಳಿಯೋದು ಬೋಡಿಲ್ ಥರ ವಯಸ್ಸಾದೋರು. ನನ್ನ ಕಂಬ ನಿಂತಿರ್ಲಿ ಅಂತ ಅವಳ ಕೈಲಿ ಹೊರಿಸ್ಲಾ?"

ಮನೆಗೆ ಬಂದು ಅಜ್ಜ ಕೀಯನ್ನು ಅಂಗಿಯ ತುದಿಯಿಂದ ಒರೆಸಿ ಮೊಳೆಗೆ ನೇತುಹಾಕಿದ.

ಜೂನ್ ತಿಂಗಳಲ್ಲಿ ಬೋಡಿಲಜ್ಜಿಯ ಮನೆಗೂ ಫೈಬರ್ ಬಂತು. ಯಾರೂ ಕರೆಯದಿದ್ದರೂ ದಾಗ್ನಿ ಹೋದಳು.

"ಬಾ ಮಾರಾಯ್ತಿ. ಇರೋದು ಹತ್ತು ಬೆರಳು, ಈ ರಿಮೋಟಿಗೆ ಎಷ್ಟು ಬಟನ್ ನೋಡು!"

ಹಳೆಯ ಕಾರ್ಯಕ್ರಮಗಳ ಪಟ್ಟಿಯಲ್ಲಿ ದಾಗ್ನಿ ಹುಡುಕಿದಳು. ಮೇ, ಏಪ್ರಿಲ್, ಮಾರ್ಚ್. ಅಲ್ಲಿತ್ತು ಅದೇ ಪಂದ್ಯ. ಮೊದಲಿನಿಂದ ಹಾಕಿದಳು.

ಆಟಗಾರರ ಹಣೆಯ ಬೆವರು ನಿಜಕ್ಕೂ ಕಾಣುತ್ತಿತ್ತು. ಯಾರು ಗೆದ್ದರೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಬೋಡಿಲಜ್ಜಿ ಪ್ರತಿ ಗೋಲಿಗೂ ಕುರ್ಚಿಯ ಕೈ ಗುದ್ದಿದಳು.

ಇಪ್ಪತ್ತು ನಿಮಿಷವಾಯಿತು. ಅಜ್ಜಿ ಕೈ ಎತ್ತಿದಳು.

"ಸಾಕು, ನಿಲ್ಸು. ಇಲ್ಲಿಂದ ಮುಂದಿನದ್ದು ನಿಮ್ಮಜ್ಜ ಅವತ್ತೇ ತೋರ್ಸಿದಾನೆ."

ದಾಗ್ನಿ ಬಟನ್ ಒತ್ತಿದಳು. ಕಿಟಕಿಯಾಚೆ, ಬೀಗ ಹಾಕಿದ ಹಸಿರು ಪೆಟ್ಟಿಗೆ ಬಿಸಿಲಲ್ಲಿ ನಿಂತಿತ್ತು. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಜ್ಜನನ್ನು ಕಾಫಿಗೆ ಕರೆತರಲು ಹೊರಟಳು.